ಪತ್ರ ಒಳಗೇ ಉಳಿದ ನಾಲ್ಕು ದಿನ

ನಮ್ಮಿಬ್ಬರಿಗೂ ಸೇರಿ ಒಂದೇ ಲ್ಯಾಪ್‌ಟಾಪ್ ಇತ್ತು. ಒಂದು ವಾರ ಅದು ಮುದ್ದೇಬಿಹಾಳದಲ್ಲಿ ನನ್ನ ಹತ್ತಿರ, ಮರುವಾರ ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ನನ್ನ ಹೆಂಡತಿಯ ಹತ್ತಿರ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೆ, ಅವಳು ಆ ಹಳ್ಳಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮದುವೆಯಾಗಿ ಮೂರು ವರ್ಷ ಕಳೆದರೂ ಒಂದೇ ಊರಿನಲ್ಲಿ ಇರುವ ಯೋಗ ಬಂದಿರಲಿಲ್ಲ. ಭಾನುವಾರ ಅವಳು ಆ ಕಡೆಯಿಂದ, ನಾನು ಈ ಕಡೆಯಿಂದ ಬಸ್ಸು ಹತ್ತಿ ಬಸವನ ಬಾಗೇವಾಡಿಯಲ್ಲಿ ಕೂಡುತ್ತಿದ್ದೆವು. ನಿಲ್ದಾಣದ ಬೆಂಚಿನ ಮೇಲೆ ಅವಳು ತಂದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿಕೊಂಡು ಉಣ್ಣುತ್ತಿದ್ದೆವು. ಮೂರೂವರೆಗೆ ಅವಳ ಬಸ್ಸು. ಹೊರಡುವ ಮುಂಚೆ ಲ್ಯಾಪ್‌ಟಾಪಿನ ಚೀಲ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಹೋಗುತ್ತಿತ್ತು.

ಅದನ್ನು ಕೊಂಡದ್ದು ನನ್ನ ಪಾಠದ ಟಿಪ್ಪಣಿಗಳಿಗಾಗಿ. ಕನ್ನಡ ಟೈಪಿಂಗ್ ಕಲಿಯುತ್ತೇನೆಂದು ಅವಳು ಒಮ್ಮೆ ನನಗೊಂದು ಪತ್ರ ಟೈಪು ಮಾಡಿ ಅದರಲ್ಲೇ ಇಟ್ಟು ಕಳಿಸಿದಳು. ನಾನೂ ಉತ್ತರ ಬರೆದಿಟ್ಟೆ. ಅಲ್ಲಿಂದ ಅದೇ ರೂಢಿಯಾಯಿತು. ಮೊಬೈಲ್ ಇತ್ತು, ಆದರೆ ಅವಳಿದ್ದ ಬಾಡಿಗೆ ಮನೆಯೊಳಗೆ ಸಿಗ್ನಲ್ ಬರುತ್ತಿರಲಿಲ್ಲ. ಮಾಲೀಕರ ಅಂಗಳದಲ್ಲಿ, ಅವರ ಮನೆಯವರೆಲ್ಲ ಕಾಳು ಹಸನು ಮಾಡುತ್ತ ಕೂತಿರುವಾಗ, ನಿಂತು ಮಾತಾಡಬೇಕು. ಅಲ್ಲಿ ಊಟವಾಯಿತೇ, ಆರಾಮೇ ಎನ್ನುವುದಕ್ಕಿಂತ ಹೆಚ್ಚಿನ ಮಾತು ಬರುತ್ತಿರಲಿಲ್ಲ.

ಲ್ಯಾಪ್‌ಟಾಪ್ ಬಹಳ ನಿಧಾನವಾಗಿತ್ತು. ಗುಂಡಿ ಒತ್ತಿ, ಚಹಾ ಮಾಡಿ ಕುಡಿದು ಬಂದರೂ ಇನ್ನೂ ತೆರೆದುಕೊಳ್ಳುತ್ತಲೇ ಇರುತ್ತಿತ್ತು. ಒಂದು ಭಾನುವಾರ ಅವಳು ಚೀಲದ ಜೊತೆ ಕರವಸ್ತ್ರದಲ್ಲಿ ಸುತ್ತಿದ ಏನನ್ನೋ ನನ್ನ ಅಂಗೈಯಲ್ಲಿಟ್ಟಳು. ಬೆರಳುದ್ದದ ಹಸಿರು ಪಟ್ಟಿ, ಅಂಚಿಗೆ ಬಂಗಾರದ ಬಣ್ಣದ ಸಣ್ಣ ಸಣ್ಣ ಹಲ್ಲು.

"ವಿಜಾಪುರದಾಗ ಕೇಳಿ ತಂದೇನ್ರಿ. ಮೆಮೊರಿ ಅಂತ. ಇದನ್ನ ಹಾಕಿದ್ರ ಲಗೂನ ಚಾಲೂ ಆಗತೈತಂತ," ಎಂದಳು. ಅಂದು ಅವಳು ಎಂದಿಗಿಂತ ಹೆಚ್ಚು ನಗುತ್ತಿದ್ದಳು. ಬಸ್ಸು ಹತ್ತುವಾಗ ಮಾತ್ರ ತಿರುಗಿ, "ಒಳಗ ಪತ್ರ ಐತಿ. ಸಾವಕಾಶ ಕೂತು ಓದ್ರಿ," ಎಂದಳು.

ಸೋಮವಾರ ಕಾಲೇಜು ಮುಗಿಸಿ ಬಂದವನೇ ಪತ್ರ ಓದಬೇಕಿತ್ತು. ಅವಳು ತಂದದ್ದನ್ನು ಮೊದಲು ಹಾಕಿಬಿಡೋಣ ಎನಿಸಿತು. ಲ್ಯಾಪ್‌ಟಾಪನ್ನು ಬೋರಲು ಹಾಕಿ, ಎರಡು ಸ್ಕ್ರೂ ಬಿಚ್ಚಿ, ಹಳೆಯ ಪಟ್ಟಿ ತೆಗೆದು, ಧೂಳು ಕಂಡದ್ದಕ್ಕೆ ಬಾಯಿಂದ ಊದಿ, ಹೊಸದನ್ನು ಕೂರಿಸಿದೆ. ಗುಂಡಿ ಒತ್ತಿದೆ. ದೀಪ ಹತ್ತಿತು, ಫ್ಯಾನು ತಿರುಗಿತು, ಬೀಪ್ ಬೀಪ್ ಎಂದು ಮೂರು ಸಲ ಕೂಗಿತು. ಪರದೆ ಕಪ್ಪಾಗಿಯೇ ಉಳಿಯಿತು. ಹೊಸದು ಹೊಂದಲಿಲ್ಲವೆಂದು ಹಳೆಯದನ್ನೇ ಮರಳಿ ಹಾಕಿದೆ. ಆಗಲೂ ಅದೇ ಮೂರು ಕೂಗು. ಬ್ಯಾಟರಿ ತೆಗೆದು ಗುಂಡಿಯನ್ನು ಬಹಳ ಹೊತ್ತು ಒತ್ತಿ ಹಿಡಿದು ನೋಡಿದೆ. ಬಿಚ್ಚಿದೆ, ಹಾಕಿದೆ, ಮತ್ತೆ ಬಿಚ್ಚಿದೆ. ಪತ್ರ ಅಲ್ಲೇ ಒಳಗಿತ್ತು, ನನ್ನ ಕೈಗೆ ಸಿಗುತ್ತಿರಲಿಲ್ಲ.

ಮಂಗಳವಾರ ಸಂಜೆ ಅವಳ ಫೋನು ಬಂತು.

"ಓದಿದ್ರೇನ್ರಿ?"

ನೀನು ಅಷ್ಟು ಆಸೆಯಿಂದ ತಂದದ್ದು ನಡೆಯಲಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. "ಓದೀನಿ," ಎಂದುಬಿಟ್ಟೆ.

"ಮತ್ತ?"

"ಮತ್ತೇನು? ಚಲೋ ಬರದೀ."

ಆ ಕಡೆ ಅಂಗಳದಲ್ಲಿ ಯಾರೋ ಮೊರದಲ್ಲಿ ಕೇರುವ ಸಪ್ಪಳ ಕೇಳಿಸಿತು. "ಆತು, ಇಡ್ತೇನ್ರಿ," ಎಂದಳು. ಅವಳ ದನಿಯಲ್ಲಿ ಏನೋ ಒಡೆದಂತಿತ್ತು. ಆ ಪತ್ರದಲ್ಲಿ ಏನಿದೆ ಎಂಬ ಚಿಂತೆ ಹತ್ತಿದ್ದು ಆಗ. ತಿರುಗಿ ಫೋನು ಮಾಡಿದರೆ ಸಿಗಲಿಲ್ಲ. ಬುಧವಾರವೂ ಸಿಗಲಿಲ್ಲ.

ನಮ್ಮ ಓಣಿಯ ಮೂಲೆಯಲ್ಲಿ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡುವ ಒಬ್ಬ ಹಿರಿಯರಿದ್ದರು. ಎಲ್ಲರೂ ಚಾಚಾ ಎನ್ನುತ್ತಿದ್ದರು. ಗುರುವಾರ ಮಧ್ಯಾಹ್ನ ಚೀಲ ತೆಗೆದುಕೊಂಡು ಅವರ ಮುಂದೆ ಕೂತೆ.

"ಇಂಥಾದ್ದು ಒಮ್ಮೆನೂ ಬಿಚ್ಚಿಲ್ರಿ ಮಾಸ್ತರ," ಎಂದರು. ಆದರೂ ಕನ್ನಡಕ ಏರಿಸಿ, ಒಳಗಿದ್ದ ಹಳೆಯ ಪಟ್ಟಿಯನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದರು. "ಬಾಯಿಲೆ ಊದೀರೇನು?"

"ಹೌದ್ರಿ ಚಾಚಾ."

"ಊದಬಾರದ್ರಿ. ಉಗುಳಿನ ಹಸಿ ಕುಂದರತೈತಿ."

ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅದರ ಬಂಗಾರದ ಹಲ್ಲುಗಳನ್ನು ಮೆಲ್ಲಗೆ ತಿಕ್ಕಿದರು. ಅದು ಕೂರುವ ಸಂದಿಯನ್ನು ಒಣ ಬ್ರಶ್ಶಿನಿಂದ ಝಾಡಿಸಿದರು. ಪಟ್ಟಿಯನ್ನು ಓರೆಯಾಗಿ ಇಳಿಸಿ ಎರಡು ಹೆಬ್ಬೆರಳಿನಿಂದ ಒತ್ತಿದಾಗ ಎಡಕ್ಕೊಂದು, ಬಲಕ್ಕೊಂದು ಟಕ್ ಎಂಬ ಸಪ್ಪಳ ಬಂತು. ನಾನು ಹಾಕಿದಾಗಲೆಲ್ಲ ಒಂದೇ ಸಪ್ಪಳ ಕೇಳಿತ್ತು. ಅದರ ಒಂದು ಬದಿ ಕೂತೇ ಇರಲಿಲ್ಲ.

ಗುಂಡಿ ಒತ್ತಿದರು. ಕೂಗಲಿಲ್ಲ. ಪರದೆ ಮೆಲ್ಲಗೆ ಬೆಳಗಿತು. ಹೊಸ ಪಟ್ಟಿಯನ್ನೂ ಹಾಗೆಯೇ ತಿಕ್ಕಿ ಹಾಕಿ ನೋಡಿದರು, ಮತ್ತೆ ಮೂರು ಕೂಗು. "ಕೆಟ್ಟಿಲ್ರಿ ಇದು. ಇದಕ್ಕ ಒಗ್ಗವಲ್ದು," ಎಂದು ಅದನ್ನು ಕರವಸ್ತ್ರದಲ್ಲೇ ಸುತ್ತಿಕೊಟ್ಟು, ಹಳೆಯದನ್ನು ಕೂರಿಸಿ ಸ್ಕ್ರೂ ಬಿಗಿದರು.

ಪತ್ರವನ್ನು ಅಲ್ಲೇ, ಅವರ ಅಂಗಡಿಯ ಕಟ್ಟೆಯ ಮೇಲೆ ಓದಿದೆ. 'ಶುಕ್ರವಾರ ವರ್ಗಾವಣೆಯ ಪಟ್ಟಿ ಬಂತು. ಈ ಸಲವೂ ನನ್ನ ಹೆಸರಿಲ್ಲ. ಬಾಗೇವಾಡಿಯಲ್ಲಿ ನಿಮ್ಮ ಮುಖ ನೋಡಿ ಇದನ್ನು ಹೇಳಲು ನನ್ನಿಂದ ಆಗುವುದಿಲ್ಲ. ಅಲ್ಲಿ ನಾನು ನಕ್ಕರೆ ಅದನ್ನು ನಂಬಬೇಡಿ. ದಿನಾ ಸಂಜೆ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಶಾಲೆಗೆ ಕೀಲಿ ಹಾಕುವಾಗ ನನಗೆ ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ. ಇದನ್ನು ಓದಿದ ಮೇಲೆ ಏನಾದರೂ ಹೇಳಿರಿ.'

ಇದಕ್ಕೇ ನಾನು ಚಲೋ ಬರದೀ ಎಂದಿದ್ದೆ.

ಮರುದಿನ ರಜೆ ಹಾಕಿ ಮುಂಜಾನೆಯ ಮೊದಲ ಬಸ್ಸು ಹತ್ತಿದೆ. ಬಾಗೇವಾಡಿ ಬಂದಾಗ ಕಂಡಕ್ಟರ್, "ಇಲ್ಲೇ ಇಳೀತೀರಲ್ರಿ ಸರ್?" ಎಂದ. ಇಲ್ಲವೆಂದೆ. ವಿಜಾಪುರದಲ್ಲಿ ಬಸ್ಸು ಬದಲಿಸಿ, ಇಂಡಿಯಿಂದ ಟಂಟಂ ಆಟೊ ಹಿಡಿದು, ನಿಂಬೆ ತೋಟಗಳ ನಡುವಿನ ದಾರಿಯಲ್ಲಿ ಹಳ್ಳಿ ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಅವಳು ಶಾಲೆಯ ಪಡಸಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದಳು. ನನ್ನನ್ನು ಕಂಡು ಕೈಯಲ್ಲಿದ್ದ ಸೀಮೆಸುಣ್ಣ ಹಾಗೇ ಹಿಡಿದು ಅಂಗಳಕ್ಕೆ ಬಂದಳು.

"ಯಾಕ್ರಿ, ಏನಾತು?"

"ನಾ ಪತ್ರ ಓದಿರಲಿಲ್ಲ. ಲ್ಯಾಪ್‌ಟಾಪ್ ಚಾಲೂನ ಆಗಿರಲಿಲ್ಲ. ಸುಳ್ಳು ಹೇಳಿದ್ದೆ. ನಿನ್ನೆ ಓದಿದೆ."

ಮಕ್ಕಳು ಮಗ್ಗಿ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಅವಳು, "ಚಲೋ ಬರದೀ ಅಂದ್ರಲ್ಲ, ಮೂರು ದಿನ ಒಂದು ತುತ್ತು ಸೇರಲಿಲ್ಲ ನನಗ," ಎಂದಳು. ಸೀಮೆಸುಣ್ಣದ ಕೈಯಿಂದಲೇ ಕಣ್ಣು ಒರೆಸಿಕೊಂಡಳು. ಕೆನ್ನೆಯೆಲ್ಲ ಬೆಳ್ಳಗಾಯಿತು. ಆಮೇಲೆ ಮೆಲ್ಲಗೆ ಕೇಳಿದಳು: "ಅದು ನಾ ತಂದ ಮೆಮೊರಿಲಿಂದನ ಆತೇನ್ರಿ?"

"ಅಲ್ಲ, ನಾ ಅವಸರ ಮಾಡಿ ಹಾಕಿದ್ದರಿಂದ," ಎಂದೆ.

ಆ ಸಂಜೆ ಶಾಲೆಗೆ ಕೀಲಿ ಹಾಕುವಾಗ ನಾನು ಅವಳ ಪಕ್ಕದಲ್ಲಿದ್ದೆ.

ಮತ್ತೆರಡು ವರ್ಗಾವಣೆಯ ಪಟ್ಟಿಗಳು ಅವಳ ಹೆಸರಿಲ್ಲದೆ ಬಂದವು. ಮೂರನೆಯದರಲ್ಲಿ ಅವಳಿಗೆ ದೇವರ ಹಿಪ್ಪರಗಿ ಸಿಕ್ಕಿತು, ಕೆಲವು ತಿಂಗಳ ನಂತರ ನನಗೆ ಸಿಂದಗಿ. ಸಿಂದಗಿಯಲ್ಲಿ ಮನೆ ಹಿಡಿದೆವು, ಅವಳು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಬಯಸಿದ್ದೆಲ್ಲ ಸಿಕ್ಕಿದೆ. ಒಂದೇ ಮನೆಗೆ ಬಂದ ದಿನದಿಂದ ನಾವು ಒಂದು ಪತ್ರವನ್ನೂ ಬರೆದಿಲ್ಲ. ಕೆಲವು ದಿನ ಅವಳು ಶಾಲೆಯಿಂದ ಬಂದು, ನಕ್ಕು, ಚಹಾಕ್ಕಿಟ್ಟು, ಆ ದಿನದ ಸುದ್ದಿಯನ್ನೆಲ್ಲ ಹೇಳುತ್ತಾಳೆ. ನಾನು ಕೇಳುತ್ತೇನೆ. ನನ್ನ ಮುಖ ನೋಡಿ ಹೇಳಲಾಗದ್ದು ಅವಳಲ್ಲಿ ಈಗಲೂ ಏನಾದರೂ ಇದ್ದೀತೇ ಎಂದು ಕೇಳಬೇಕೆನಿಸುತ್ತದೆ. ಇನ್ನೂ ಕೇಳಿಲ್ಲ.