ಬೆನ್ನು ತಿರುಗಿಸಿ ಸಿನಿಮಾ ಕೊಳ್ಳುವ ತೆಜೀರಾ

ಬೆಳಗಿನ ಆರು ಗಂಟೆ. ಬುಸಾಗಾ ದಕ್ಕೆಯಲ್ಲಿ ರಾತ್ರಿಯಿಡೀ ಸರೋವರದ ಮೇಲಿದ್ದ ದೋಣಿಗಳು ಒಂದೊಂದಾಗಿ ಮರಳಿಗೆ ಮೂಗು ತಾಗಿಸುತ್ತಿವೆ. ದಡದ ಮೇಲಿನ ತಗಡಿನ ಸಿನಿಮಾ ಕೊಟ್ಟಿಗೆಯೊಳಗೆ ತೆಜೀರಾ ನಂಪಿಜ್ಜಾ ಬಾಗಿಲು ಹಾಕಿಕೊಂಡು, ಕತ್ತಲಲ್ಲಿ ಕತ್ತೆತ್ತಿ ನಿಂತಿದ್ದಾರೆ. ಕೈಯಲ್ಲಿ ಬಟ್ಟೆ ಒಗೆಯುವ ನೀಲಿ ಸೋಪಿನ ತುಂಡು. ಹಳೆಯ ತಗಡಿನ ತುಂಬ ಮೊಳೆ ಕಿತ್ತ ತೂತುಗಳು. ಹೊರಗೆ ಬೆಳಕು ಹರಿದಂತೆ ಒಳಗೆ ಚುಕ್ಕಿಗಳು ಮೂಡುತ್ತವೆ. ಎಲ್ಲರ ಆಕಾಶದಲ್ಲಿ ಚುಕ್ಕಿ ಮುಳುಗುವ ಹೊತ್ತಿಗೆ ಇವರ ಆಕಾಶದಲ್ಲಿ ಹುಟ್ಟುತ್ತವೆ. ತೆಜೀರಾ ಸ್ಟೂಲು ಹತ್ತಿ, ಹೆಬ್ಬೆರಳಿನಿಂದ ಸೋಪು ಒತ್ತಿ, ಒಂದೊಂದನ್ನೇ ಆರಿಸುತ್ತಾರೆ.

"ಮಳೆ ಬಂದ್ರೆ ಸೋಪು ಕರಗುತ್ತೆ, ಮತ್ತೆ ಹಚ್ಬೇಕು. ಬೇರೆಯವರು ಬೆಳಿಗ್ಗೆ ಎದ್ದು ಪ್ರಾರ್ಥನೆ ಮಾಡ್ತಾರೆ, ನಾನು ಇದನ್ನ ಮಾಡ್ತೀನಿ," ಎನ್ನುತ್ತಾರೆ, ಕೆಳಗಿಳಿಯುತ್ತ.

ಊರಿನವರ ಬಾಯಲ್ಲಿ ಈ ಕೊಟ್ಟಿಗೆ 'ಕಿಬಾಂಡಾ'. ಬುಸಾಗಾದ ಗಂಡಸರಿಗೆ ರಾತ್ರಿಯೆಲ್ಲ ಮೀನಿನ ಕೆಲಸ. ಹಾಗಾಗಿ ಇಲ್ಲಿ ಮೊದಲ ಆಟ ಶುರುವಾಗುವುದು ಬೆಳಿಗ್ಗೆ ಹತ್ತಕ್ಕೆ. ಬಲೆ ಒಣಹಾಕಿ, ಬೇಯಿಸಿದ ಬಾಳೆಕಾಯಿಗೆ ಕಡಲೆಕಾಯಿ ಸಾರು ಸುರಿದುಕೊಂಡು ಉಂಡು, ನಿದ್ದೆ ಬರುವ ಮುಂಚೆ ಒಂದು ಸಿನಿಮಾ. ಇಪ್ಪತ್ತೆರಡು ಬೆಂಚು, ದಿನಕ್ಕೆ ಮೂರು ಆಟ, ತಲೆಗೆ ಐನೂರು ಶಿಲ್ಲಿಂಗ್. ಟಿಕೆಟ್ ಕೊಡುವವರು, ಜನರೇಟರಿಗೆ ಎಣ್ಣೆ ಹಾಕುವವರು, ಕುಡಿದು ಬಂದವರನ್ನು ಕಿವಿ ಹಿಡಿದು ಹೊರಗೆ ಕಳಿಸುವವರು, ಎಲ್ಲ ತೆಜೀರಾ ಒಬ್ಬರೇ. ದಕ್ಕೆಯ ಹುಡುಗರಿಂದ ಹಿಡಿದು ಪೊಲೀಸಿನವರ ತನಕ ಎಲ್ಲರಿಗೂ ಅವರು 'ಸೆಂಗಾ', ಅಂದರೆ ಅಪ್ಪನ ತಂಗಿ. ಸೋದರತ್ತೆಯ ಮಾತಿಗೆ ಎದುರಾಡುವವರು ಈ ಕಡೆ ಯಾರೂ ಇಲ್ಲ.

ಐವತ್ತನಾಲ್ಕು ವರ್ಷದ ತೆಜೀರಾ ಮೊದಲು ಇದೇ ಮರಳಿನ ಮೇಲೆ ಮುಕೇನೆ ಒಣಗಿಸುತ್ತಿದ್ದವರು, ಬೆರಳುದ್ದದ ಆ ಬೆಳ್ಳಿ ಮೀನು. ಗಂಡ ದ್ವೀಪಕ್ಕೆ ಹೋದವರು ಅಲ್ಲೇ ಇನ್ನೊಂದು ಮನೆ ಮಾಡಿದರು. ಕೊಟ್ಟಿಗೆಯ ಹಿಂದಿನ ಮಾಲೀಕ ಊರು ಬಿಡುವಾಗ, ಮೀನು ಮಾರಿ ಕೂಡಿಟ್ಟದ್ದನ್ನೆಲ್ಲ ಸುರಿದು ಇದನ್ನು ಕೊಂಡರು. "ಹೆಂಗಸು ಕಿಬಾಂಡಾ ನಡೆಸ್ತಾಳಂತೆ, ದಿನಾ ಮದುವೆ ಸಿನಿಮಾ ಹಾಕ್ತಾಳೆ ಅಂತ ನಕ್ಕರು. ನಾನು ಮೊದಲ ವಾರವೇ ಐದು ಕೊಲೆಯ ಸಿನಿಮಾ ಹಾಕ್ದೆ. ಆಮೇಲೆ ಯಾರೂ ನಗ್ಲಿಲ್ಲ," ಎಂದು ಅವರೇ ನಗುತ್ತಾರೆ. ಅದಾಗಿ ಹದಿನಾರು ವರ್ಷ.

ಪ್ರತಿ ಗುರುವಾರ ಬೈಕಿನ ಹಿಂದೆ ಕುಳಿತು ನಲವತ್ತು ನಿಮಿಷ ದೂರದ ಪೇಟೆಗೆ ಹೋಗಿ ಸಿನಿಮಾ ಕೊಂಡು ತರುತ್ತಾರೆ. ಇಲ್ಲಿಯವರೆಗೆ ಸಾವಿರದ ಎಂಟುನೂರಕ್ಕೂ ಹೆಚ್ಚು ಡಿಸ್ಕುಗಳು. ಅವುಗಳಲ್ಲಿ ಕೊಳ್ಳುವ ಮೊದಲು ನೋಡಿದ್ದು ಒಂದೂ ಇಲ್ಲ. ಡಿಸ್ಕ್ ಅಂಗಡಿಯ ಮಾಲೀಕ ಕಿಗ್ಗುಂಡು ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆಸಿಬಿಟ್ಟಿದ್ದಾನೆ: 'ಕೊಂಡು ನೋಡಿ, ನೋಡಿ ಕೊಳ್ಳಬೇಡಿ. ವಾಪಸ್ ಇಲ್ಲ.' ನೋಡಿದ ಮೇಲೆ ಯಾರು ಕೊಳ್ಳುತ್ತಾರೆ ಎಂಬುದು ಅವನ ವಾದ. ಹಾಡಿನ ಸಿನಿಮಾ, ಹೊಡೆದಾಟದ ಸಿನಿಮಾ ಆದರೆ ಮೇಲಿನ ಚಿತ್ರ ನೋಡಿ ಅಂದಾಜು ಮಾಡಬಹುದು. ಕೊಲೆ, ಗುಟ್ಟು, ಹೆದರಿಕೆಯ ಸಿನಿಮಾಗಳಲ್ಲಿ ಚಿತ್ರ ಏನನ್ನೂ ಹೇಳುವುದಿಲ್ಲ. ಹೇಳಿಬಿಟ್ಟರೆ ಗುಟ್ಟು ಉಳಿಯುವುದಾದರೂ ಹೇಗೆ?

ಇದಕ್ಕೆ ತೆಜೀರಾ ಹುಡುಕಿಕೊಂಡ ದಾರಿಯನ್ನು ಪೇಟೆಯವರೆಲ್ಲ ಬಲ್ಲರು. ಅಂಗಡಿಯ ಟೀವಿಗೆ ಬೆನ್ನು ಹಾಕಿ, ಗೋಡೆ ನೋಡುತ್ತ ನಿಲ್ಲುತ್ತಾರೆ.

"ಸೇಬೋ, ಸ್ವಾಮೀ, ಗೋಡೆ ಮೇಲೆ ನೋಡಬಾರದು ಅಂತ ಬರ್ಸಿದ್ದೀರಿ. ಕೇಳಬಾರದು ಅಂತ ಎಲ್ಲಿದೆ?" ಎಂದು ಮೊದಲ ಸಲ ಕೇಳಿದಾಗ ಕಿಗ್ಗುಂಡು ನಕ್ಕು ಡಿಸ್ಕ್ ಹಾಕಿದನಂತೆ. ಅಂದಿನಿಂದ ಹತ್ತು ನಿಮಿಷ ಕೇಳುವ ಹಕ್ಕು ಇವರಿಗೊಬ್ಬರಿಗೇ.

ಕೇಳುವುದಾದರೂ ಏನನ್ನು? ದೂರ ದೇಶದ ಸಿನಿಮಾಕ್ಕೆ ಇಲ್ಲಿನ ಭಾಷೆಯಲ್ಲಿ ಮಾತು ಹಾಕುವ ವೀಜೆ ಒಬ್ಬನಿರುತ್ತಾನೆ. ಉಸಿರು ಬಿಡದೆ ವಟಗುಟ್ಟುವುದೇ ಅವನ ಕಸುಬು. "ಅಂಥವನೇ ಎಲ್ಲಿ ಬಾಯಿ ಮುಚ್ತಾನೆ ಅಂತ ಕಾಯ್ತೀನಿ. ಅವನೇ ಮಾತು ಮರೆತ ಅಂದ್ರೆ ಅವನಿಗೂ ಹೆದರಿಕೆ ಆಗಿದೆ ಅಂತ ಅರ್ಥ. ಆ ಸಿನಿಮಾ ಕೊಳ್ಳಬಹುದು." ಈ ವಿದ್ಯೆ ಅವರಿಗೆ ಅಜ್ಜಿಯಿಂದ ಬಂದದ್ದು. ಒಲೆಯ ಮುಂದೆ ಬಾಳೆಕಾಯಿ ಸುಲಿಯುತ್ತ ಅಜ್ಜಿ ಕಥೆ ಹೇಳುವಾಗ ಚಾಕುವಿನ ಸದ್ದು ತಪ್ಪದೆ ಬರುತ್ತಿತ್ತು. ರಾಕ್ಷಸ ಬಾಗಿಲಿಗೆ ಬಂದ ಗಳಿಗೆಗೆ ಚಾಕು ನಿಲ್ಲುತ್ತಿತ್ತು. ಮೊಮ್ಮಕ್ಕಳ ಎದೆಯೂ ನಿಲ್ಲುತ್ತಿತ್ತು.

ತಪ್ಪಿದ್ದೂ ಉಂಟು. ಒಮ್ಮೆ ಅದ್ಭುತವಾದ ಮೌನ ಕೇಳಿ ಕೊಂಡು ತಂದರೆ, ಕೊಲೆಗಾರ ಮೊದಲ ಕಾಲು ಗಂಟೆಯಲ್ಲೇ ಸಿಕ್ಕಿಬಿದ್ದ, ಉಳಿದದ್ದೆಲ್ಲ ಕೋರ್ಟು. ಜನ ತೆಜೀರಾ ಅವರ ಸ್ಟೂಲನ್ನೇ ಹೊತ್ತೊಯ್ದು ವಿಚಾರಣೆ ನಡೆಸಿ, ಎರಡು ದಿನ ಜೈಲಿಗೆಂದು ಟೀ ಅಂಗಡಿಯಲ್ಲಿ ಇಟ್ಟರು.

ಈ ಸಲದ ಗುರುವಾರ ಮಾತ್ರ ನಗುವ ಹಾಗಿರಲಿಲ್ಲ. ಅದಕ್ಕೆ ಮೂರು ವಾರ ಮೊದಲು ಗಾಳಿಗೆ ದೋಣಿಯೊಂದು ಮಗುಚಿ ಮಯಾಂಜ ಎಂಬ ತರುಣ ನೀರು ಪಾಲಾದ. ನಾಲ್ಕನೆಯ ದಿನ ಶವ ಸಿಕ್ಕಿತು. ಅದೇ ದೋಣಿಯಲ್ಲಿದ್ದ ಅವನ ಅಣ್ಣ ಮುಕೀಬಿ ಉಳಿದುಕೊಂಡ. ಉಳಿದದ್ದೇ ತಪ್ಪೆಂಬಂತೆ ಇದ್ದ. ದೋಣಿ ಹತ್ತುತ್ತಿರಲಿಲ್ಲ, ಬಲೆ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಕಿಬಾಂಡಾಕ್ಕೆ ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಯಾರು ಮಾತನಾಡಿಸಿದರೂ ಅವನಲ್ಲಿದ್ದದ್ದು ಒಂದೇ ಮಾತು: "ನಾನು ಎಂಜಿನ್ ಹತ್ರ ಇದ್ದೆ. ಅವನು ಕೂಗಿರ್ತಾನೆ. ನಂಗೆ ಕೇಳಿಸ್ಲಿಲ್ಲ."

ತೆಜೀರಾ ಅವನಿಂದ ಟಿಕೆಟ್ ದುಡ್ಡು ಕೇಳುತ್ತಿರಲಿಲ್ಲ. ಮೂರು ವಾರದಿಂದ ಕೊಲೆ, ಸಾವು ಇರುವ ಸಿನಿಮಾ ಹಾಕಿರಲಿಲ್ಲ. ಆದರೆ ಬೇರೆಯವರ ಸಹನೆ ಮುಗಿಯುತ್ತ ಬಂದಿತ್ತು.

"ಸೆಂಗಾ, ಇನ್ನೆಷ್ಟು ಮದುವೆ ನೋಡ್ಸ್ತೀರಿ? ನಂಗೇ ಇನ್ನೊಂದು ಮದುವೆ ಆಗೋ ಆಸೆ ಬಂದ್ಬಿಟ್ಟಿದೆ."

"ನಿನ್ನ ಮೊದಲನೆಯವಳನ್ನ ಕರೀತೀನಿ ತಾಳು, ಕೊಲೆ ಸಿನಿಮಾ ಪುಕ್ಕಟೆ ನೋಡಬಹುದು."

"ತಮಾಷೆ ಅಲ್ಲ ಸೆಂಗಾ. ಐಸ್ ಗೋಡೌನ್ ಹತ್ರ ಹೊಸ ಕಿಬಾಂಡಾ ಆಗಿದೆ. ಅಲ್ಲಿ ದಿನಕ್ಕೆ ಹತ್ತು ಹೆಣ ಬೀಳುತ್ತಂತೆ."

ನಿಜಕ್ಕೂ ಬೆಂಚುಗಳು ಖಾಲಿಯಾಗುತ್ತಿದ್ದವು. ಹೀಗಾಗಿ ಆ ಗುರುವಾರ ತೆಜೀರಾ ಕಿಗ್ಗುಂಡುವಿನ ಅಂಗಡಿಯಲ್ಲಿ ಒಂದು ಡಿಸ್ಕನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದರು. ಮೇಲೆ ಅರ್ಧ ಮುಖದ ಹೆಂಗಸಿನ ಚಿತ್ರ. ಉಳಿದರ್ಧ ಕಪ್ಪು.

"ಇದರಲ್ಲಿ ನೀರಿದೆಯಾ?"

"ನೀರಾ? ನ್ಯಾಬೋ, ನಮ್ಮಮ್ಮಾ, ಪಟ್ಟಣದ ಕಥೆ ಇದು. ಪೊಲೀಸು, ಮೆಟ್ಟಿಲು, ಚೂರಿ. ನೀರು ಎಲ್ಲಿಂದ ಬರುತ್ತೆ?"

"ನೀವು ನೋಡಿದ್ದೀರಾ?"

"ನಾನು ಮಾರೋನು. ನೋಡ್ತಾ ಕೂತ್ರೆ ಮಾರೋದು ಯಾವಾಗ?"

ತೆಜೀರಾ ಗೋಡೆಗೆ ಮುಖ ಮಾಡಿದರು. ಕಿಗ್ಗುಂಡು ಸಿನಿಮಾದ ನಡುವಿನ ಒಂದು ಕಡೆಯಿಂದ ಹಾಕಿದ. ಬೂಟಿನ ಸದ್ದು, ಬೀಗದ ಸದ್ದು, ವೀಜೆಯ ವಟವಟ. ಆಮೇಲೆ ವೀಜೆ ಸುಮ್ಮನಾದ. ಅಷ್ಟು ಉದ್ದದ ಮೌನವನ್ನು ಅವರು ಎಂದೂ ಕೇಳಿರಲಿಲ್ಲ. ಆ ಮೌನದೊಳಗೆ ಮರಕ್ಕೆ ನೀರು ಬಡಿಯುವ ಸದ್ದು, ಹುಟ್ಟು ಜಾರಿದ ಸದ್ದು, ಹಿಂದೆಯೇ ಒಬ್ಬ ಗಂಡಸಿನ ಕೂಗು. ಒಂದು ಸಲವಲ್ಲ, ನಾಲ್ಕು ಸಲ.

"ನಿಲ್ಸಿ," ಎಂದರು. ಹದಿನಾರು ವರ್ಷದಲ್ಲಿ ಮೊದಲ ಬಾರಿಗೆ ಬರಿಗೈಯಲ್ಲಿ ಬೈಕು ಹತ್ತಿದರು.

"ದಾರಿಯುದ್ದಕ್ಕೂ ಇದೇ ಯೋಚನೆ," ಎಂದು ನೆನೆಯುತ್ತಾರೆ. "ಸಿನಿಮಾ ಎಷ್ಟು ಒಳ್ಳೇದು ಅಂತ ಗೊತ್ತಾಗಿತ್ತು. ಒಳ್ಳೇದಾಗಿದ್ದೇ ಕಷ್ಟ. ಕೆಟ್ಟ ಸಿನಿಮಾದ ಕೂಗಿಗೆ ಯಾರೂ ಹೆದರಲ್ಲ. ನಾನು ತರದಿದ್ರೆ ಐಸ್ ಗೋಡೌನಿನವನು ತರ್ತಾನೆ, ಮುಕೀಬಿ ಏನೂ ಗೊತ್ತಿಲ್ಲದೆ ಅಲ್ಲಿ ಹೋಗಿ ಕೂತ್ರೆ? ತಂದ್ರೆ ನನ್ನ ಕೈಯಾರೆ ಅವನ ಗಾಯ ಕೆದಕಿದ ಹಾಗೆ."

ಕೊನೆಗೆ ಮುಕೀಬಿಯನ್ನೇ ಕೇಳಿದರು. ಅವನು ಕಿಬಾಂಡಾದ ನೆರಳಲ್ಲಿ ಗೋಡೆಗೆ ಒರಗಿ ಕುಳಿತಿದ್ದ. ನೀರಿದೆ, ಒಬ್ಬ ಮುಳುಗುತ್ತಾನೆ, ಕೂಗುತ್ತಾನೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

"ಜೋರಾಗಿ ಕೂಗ್ತಾನಾ?"

"ಹೂಂ. ಜೋರಾಗಿ."

ಮುಕೀಬಿ ಬಹಳ ಹೊತ್ತು ಮರಳು ಕೆದಕಿದ. "ತನ್ನಿ ಸೆಂಗಾ. ಅವತ್ತು ಕೇಳಿಸ್ಕೊಳ್ಳಲಿಲ್ಲ. ಇವತ್ತಾದ್ರೂ ಕೇಳಿಸ್ಕೊಳ್ತೀನಿ."

ಅವನು ಒಪ್ಪಿದ್ದರಿಂದ ತೆಜೀರಾ ಅವರ ಭಾರವೇನೂ ಇಳಿಯಲಿಲ್ಲ. ಆದರೂ ಫೋನು ಮಾಡಿ ಡಿಸ್ಕ್ ತರಿಸಿಕೊಂಡರು. ನೋಡಲೇಬೇಕೆಂದಿದ್ದರೆ ನನ್ನ ಕಣ್ಣೆದುರು ನೋಡಲಿ ಎಂಬುದು ಅವರ ಲೆಕ್ಕಾಚಾರ. ದಕ್ಕೆಯ ಹಿರಿಯ ವಾಲುಗೆಂಬೆಯವರ ಬಳಿ ಹೋಗಿ, "ಜಾಜಾ, ನಾಳೆ ಮುಕೀಬಿ ಪಕ್ಕದಲ್ಲಿ ಕೂತ್ಕೊಳ್ಳಿ. ಏನೂ ಮಾತಾಡ್ಬೇಡಿ, ಸುಮ್ನೆ ಕೂತಿರಿ ಸಾಕು," ಎಂದು ಕೇಳಿಕೊಂಡರು. ಊರಿಗೆಲ್ಲ ಅಜ್ಜನಾದ ವಾಲುಗೆಂಬೆ ಹೂಂ ಎಂದರು. ಎಪ್ಪತ್ತು ವರ್ಷದಲ್ಲಿ ಅವರು ಸುಮ್ಮನೆ ಕುಳಿತದ್ದನ್ನು ಯಾರೂ ಕಂಡಿಲ್ಲ ಎಂಬುದು ಆ ಹೊತ್ತಿಗೆ ತೆಜೀರಾ ಅವರಿಗೆ ನೆನಪಾಗಲಿಲ್ಲ.

ಶನಿವಾರ ಹತ್ತಕ್ಕೆ ಬೆಂಚುಗಳು ಸಾಲದೆ ಜನ ನೆಲದಲ್ಲೂ ಕುಳಿತಿದ್ದಾರೆ. ಮೊದಲ ಆಟದಲ್ಲಿ ಯಾವಾಗಲೂ ಬಾಗಿಲಾಚೆಯೇ ಇರುವ ತೆಜೀರಾ ಅಂದು ಒಳಗೆ, ಹಿಂದಿನ ಗೋಡೆಗೆ ಒರಗಿ, ಸದ್ದಿನ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಾರೆ. ಪರದೆಯ ಕಡೆ ಅವರ ಗಮನವಿಲ್ಲ. ಅವರು ನೋಡುತ್ತಿರುವುದು ಮುಂದಿನ ಬೆಂಚಿನ ಒಂದು ತಲೆಯನ್ನು.

ವೀಜೆ ಮಾತು ನಿಲ್ಲಿಸುತ್ತಾನೆ. ನೀರು ಬಡಿಯುತ್ತದೆ. ಮೊದಲ ಕೂಗು. ಮುಕೀಬಿಯ ಭುಜ ಕುಗ್ಗುತ್ತದೆ. ಎರಡನೆಯ ಕೂಗು. ತೆಜೀರಾ ಅವರ ಬೆರಳು ಸ್ವಿಚ್ಚನ್ನು ಒತ್ತಬೇಕು, ಅಷ್ಟರಲ್ಲಿ:

"ಏಯ್, ಸುಳ್ಳ!"

ಪರದೆಯ ಕಡೆ ಕೈ ಬೀಸುತ್ತ ಎದ್ದು ನಿಂತವರು ವಾಲುಗೆಂಬೆ. "ಮುಳುಗೋನು ಕೂಗ್ತಾನೇನೋ? ಬಾಯ್ತುಂಬ ನೀರಿಟ್ಕೊಂಡು ಕೂಗು ನೋಡೋಣ!"

"ಜಾಜಾ, ಕೂರಿ! ಅವನು ಸಾಯ್ತಿದ್ದಾನೆ!"

"ಸಾಯ್ಲಿ, ಸರಿಯಾಗಿ ಸಾಯ್ಲಿ! ಈ ನೀರಿಂದ ಹನ್ನೊಂದು ಜನರನ್ನ ಎಳೆದಿದ್ದೀನಿ, ನಾಲ್ಕು ಜನ ಜೀವ ಇದ್ದವರು. ಒಬ್ಬನೂ ಕೂಗಿದ್ದಿಲ್ಲ. ಮೇಲೆ ಬಂದಾಗ ಉಸಿರು ಎಳ್ಕೊಳ್ಳೋಕೇ ಹೊತ್ತು ಸಾಲಲ್ಲ, ಹೆಸರು ಹಿಡಿದು ಕರೆಯೋಕೆ ಎಲ್ಲಿಂದ ಬರುತ್ತೆ?"

"ಅದು ನಿಜ," ಎಂದು ನಡುವಿನ ಬೆಂಚಿನಿಂದ ಒಬ್ಬ ಒಪ್ಪಿದ. "ನನ್ನ ಎಳೆದದ್ದು ಜಾಜಾನೇ. ನಾನು ಕೂಗ್ದೆ, ಕೂಗ್ದೆ ಅಂದ್ಕೊಂಡಿದ್ದೆ. ಕೈಯಳತೇಲಿ ದೋಣಿ ಇತ್ತು. ಅಲ್ಲಿದ್ದವರು ಒಂದು ಸದ್ದೂ ಕೇಳ್ಲಿಲ್ಲ ಅಂದ್ರು."

ಮುಕೀಬಿ ಎದ್ದ. ಪರದೆಯ ಬೆಳಕು ಅವನ ಕೆನ್ನೆಯ ಮೇಲಿದೆ. ತೆಜೀರಾ ಸದ್ದನ್ನು ಬಂದ್ ಮಾಡಿದರು. ಪರದೆಯ ಮೇಲೆ ಆ ಮನುಷ್ಯ ಬಾಯಿ ತೆರೆದು ಮುಳುಗುತ್ತಲೇ ಇದ್ದ.

"ಜಾಜಾ, ಇನ್ನೊಂದ್ಸಲ ಹೇಳಿ."

ಯಾರ ಪಕ್ಕದಲ್ಲಿ ನಿಂತು ಕೂಗಾಡುತ್ತಿದ್ದೆ ಎಂಬುದು ಮುದುಕರಿಗೆ ಆಗ ಹೊಳೆಯಿತು. ಟೋಪಿ ತೆಗೆದರು. ದನಿ ತಗ್ಗಿಸಿದರು. "ಅವನು ಕೂಗಿಲ್ಲ ಮಗಾ. ಕೂಗೋಕೆ ಆಗಲ್ಲ. ನಿನ್ನ ಎಂಜಿನ್ ಆಫ್ ಆಗಿದ್ರೂ ನಿಂಗೆ ಕೇಳಿಸ್ತಿರ್ಲಿಲ್ಲ."

ಮುಕೀಬಿ ಬೆಂಚಿನ ಮೇಲೆ ಕುಸಿದು, ಮೂರು ವಾರದಲ್ಲಿ ಮೊದಲ ಬಾರಿಗೆ ಅತ್ತ. ನೂರಮೂವತ್ತು ಗಂಡಸರು ತಮ್ಮ ತಮ್ಮ ಕಾಲಬೆರಳು ನೋಡುತ್ತ ಕುಳಿತರು. ಅವನ ಅಳು ತಾನಾಗಿ ನಿಂತ ಮೇಲೆ ಹಿಂದಿನಿಂದ ಯಾರೋ ಮೆಲ್ಲಗೆ, "ಸೆಂಗಾ, ಹಾಗಾದ್ರೆ ಸಿನಿಮಾದಲ್ಲಿ ಕೊಂದದ್ದು ಯಾರು?" ಎಂದರು. ಮೊದಲು ನಕ್ಕದ್ದು ಮುಕೀಬಿಯೇ.

ಅವನು ಇನ್ನೂ ದೋಣಿ ಹತ್ತಿಲ್ಲ. ಆದರೆ ಬೆಳಿಗ್ಗೆ ದಡಕ್ಕೆ ಹೋಗಿ ಬೇರೆಯವರ ಬಲೆ ಬಿಡಿಸಿಕೊಡುತ್ತಾನೆ. ಟಿಕೆಟ್ ದುಡ್ಡು ಕೊಡುತ್ತೇನೆಂದು ಜಗಳ ಮಾಡುತ್ತಾನೆ. ಅರ್ಧ ಮುಖದ ಸಿನಿಮಾ ಜನರ ಒತ್ತಾಯಕ್ಕೆ ಒಂಬತ್ತು ಆಟ ಓಡಿದೆ. ನೀರಿನ ಭಾಗ ಬಂದಾಗಲೆಲ್ಲ ಇಡೀ ಕಿಬಾಂಡಾ ಒಟ್ಟಾಗಿ 'ಸುಳ್ಳ' ಎಂದು ಕೂಗುತ್ತದಂತೆ.

ಅಂಥ ಸಿನಿಮಾವನ್ನು ನೋಡದೆ ಆರಿಸಿದ ತೆಜೀರಾ ಅವರನ್ನು ಹೊಗಳಿದರೆ ಕೈ ಅಡ್ಡ ಹಿಡಿಯುತ್ತಾರೆ. "ನಾನೇನು ಆರಿಸ್ದೆ? ಹೆದರ್ಕೊಂಡೇ ಕೊಂಡೆ. ಕೊಂದದ್ದು ಯಾರು ಅಂತ ನಂಗಿನ್ನೂ ಗೊತ್ತಿಲ್ಲ." ಆಮೇಲೆ ಒಂದೇ ಒಂದು ಕೋರಿಕೆ ಇದೆ ಎನ್ನುತ್ತಾರೆ: "ನೀವು ಪೇಪರಿನವರು, ಆ ಸಿನಿಮಾ ಮಾಡಿದವರಿಗೆ ಹೇಗಾದ್ರೂ ಮಾತು ತಲುಪಿಸಿ. ಮುಳುಗೋದನ್ನ ಅವರು ತಪ್ಪು ತೋರ್ಸಿದ್ದಾರೆ ಅಂತ ಹೇಳಿ. ತಿದ್ದೋದು ಬೇಡ, ಹಾಗೇ ಇರ್ಲಿ ಅಂತಾನೂ ಹೇಳಿ."