ಗುರುತಿನ ದಾರ

ಆಸ್ಪತ್ರೆಯಲ್ಲಿ ಸುಮ್ಮಸುಮ್ಮನೆ ಬಂದು ನಗುವವರನ್ನು ನಾನು ನಂಬುವುದಿಲ್ಲ. ಲಿವರ್ ಕೆಟ್ಟು ಅಪ್ಪ ರಾಯದುರ್ಗದಲ್ಲಿ ಅಡ್ಮಿಟ್ ಆಗಿದ್ದಾಗ ಹಾಗೊಬ್ಬ ಹೆಂಗಸು ಬಂದಳು. ಬಿಳಿ ಕೋಟಿಲ್ಲ, ಸೂಜಿಯಿಲ್ಲ, ಹೆಗಲಿಗೊಂದು ಚೀಲ. ಸ್ಟೂಲ್ ಎಳೆದುಕೊಂಡು ಅಪ್ಪನ ಪಕ್ಕ ಕೂತೇಬಿಟ್ಟಳು.

"ನೀವು ಯಾರ ಕಡೆಯೋರ್ರಿ?" ಎಂದೆ.

"ಆಸ್ಪತ್ರಿ ಕಡೆಯಾಕಿ ರೀ. ದೊಡ್ಡ ಜಡ್ಡಿನೋರ ಹತ್ರ ಕುಂತು ಮನಸಿನ ಮಾತು ಕೇಳ್ತೀನಿ."

"ಪ್ರಾರ್ಥನಿ ಮಾಡಿಸ್ತೀರೇನು?"

"ಅವರು ಕೇಳಿದ್ರ ಮಾತ್ರ. ಅದೂ ಅವರ ದೇವ್ರಿಗೇ."

ನುಣ್ಣನೆಯ ಮಾತು. ಮತ ಬದಲಿಸಲು ಬಂದವಳೇ ಇರಬೇಕೆಂದು, ಆಕೆ ಅತ್ತ ತಿರುಗಿದಾಗ ಚೀಲಕ್ಕೆ ಇಣುಕಿದೆ. ನೀರಿನ ಬಾಟಲಿ, ಊಟದ ಡಬ್ಬಿ. ಆಗ ಇನ್ನೂ ಕೆಟ್ಟ ಅನುಮಾನ ಹುಟ್ಟಿತು. ಅಪ್ಪ ಉಳಿಯುವುದಿಲ್ಲವೆಂದು ಡಾಕ್ಟರೇ ಇವಳನ್ನು ಕಳಿಸಿದರೇ? ಹೋಗಿ ಕೇಳಿದೆ. "ಔಷಧಾನೂ ನಡದೈತಿ, ಇದೂ ನಡೀಲಿ" ಎಂದರು. ಅದನ್ನೂ ನಂಬಲಿಲ್ಲ.

ಅಪ್ಪ ಗಂಜಿ ಮುಟ್ಟುವುದನ್ನೇ ಬಿಟ್ಟಿದ್ದ. ಉಣ್ಣದಿದ್ದರೆ ಔಷಧಿ ನಾಟುವುದಿಲ್ಲವೆಂದು ಗದರಿಸಿದೆ, ಕೈಮುಗಿದೆ. ಗೋಡೆಯ ಕಡೆ ಹೊರಳುತ್ತಿದ್ದ. ಮರುದಿನ ಆಕೆ ಬಂದಾಗ ಪರದೆಯ ಹಿಂದೆ ನಿಂತು ಕದ್ದು ಕೇಳಿಸಿಕೊಂಡೆ.

"ಕೈಯಾಗ ಕುರಿ ಉಣ್ಣೆ ದಾರ ಇತ್ತವ್ವ, ನಮ್ಮ ದೇವ್ರ ಕಂಕಣ. ಸೂಜಿ ಚುಚ್ಚಾಕಂತ ಕತ್ತರಿಸಿದ್ರು. ಗುಮ್ಮಘಟ್ಟದ ಬಯಲಾಗ ಜಲ್ಮೆಲ್ಲ ಕುರಿ ಕಾದೀನಿ. ಎರಡು ಹಿಂಡು ಬೆರೆತಾಗ ಗುರುತಿಲ್ಲದ ಕುರೀನ ನಾನರ ಹೊಡಕೊಂಡು ಬಂದೀನೇನು? ನಾಳಿ ಸತ್ರ ದೇವ್ರು ನನ್ನ ಹೆಂಗ ಗುರುತು ಹಿಡೀತಾನ?"

"ಮಗನಿಗ್ಯಾಕ ಹೇಳಲಿಲ್ರಿ?"

"ಅಂವ ನಗ್ತಾನ."

ಸಿಟ್ಟು ಬಂತು. ನನಗೆ ಹೇಳದ್ದನ್ನು ಯಾರೋ ಹೆಂಗಸಿಗೆ ಹೇಳಿದ್ದ.

ಇನ್ನೊಂದು ಕೈಗೆ ದಾರ ಕಟ್ಟಬಹುದೇ ಎಂದು ಆಕೆಯೇ ಡಾಕ್ಟರನ್ನು ಕೇಳಿ ಒಪ್ಪಿಸಿದಳು. ನಾನು ಮನೆಗೆ ಫೋನ್ ಮಾಡಿದೆ. ಹೆಂಡತಿ ಶೇರ್ ಆಟೋ ಹತ್ತಿ ನಮ್ಮ ಕುರಿಗಳದೇ ಉಣ್ಣೆ ತಂದಳು. ಮತ ಬದಲಿಸುವವಳಾದರೆ ನಮ್ಮ ದೇವರ ದಾರ ಮುಟ್ಟಲಿಕ್ಕಿಲ್ಲ, ಆ ಆಸ್ಪತ್ರೆ ಹೆಂಗಸಿನ ಹುಳುಕು ಈಗಲಾದರೂ ಹೊರಬೀಳಲೆಂದು "ನೀವ ಕಟ್ರಿ" ಎಂದೆ.

"ನಂದಲ್ರಿ ಆ ಕೆಲಸ. ಮಗ ಕಟ್ಬೇಕು."

ಹೊಸೆದು ಕಟ್ಟಿದೆ. ಅಪ್ಪ ಗಂಟನ್ನೊಮ್ಮೆ ನೋಡಿದ, ನನ್ನ ಮುಖವನ್ನೊಮ್ಮೆ ನೋಡಿದ. ಆಮೇಲೆ ಕೈಯನ್ನು ಆಕೆಯ ಕಡೆ ಚಾಚಿದ.

"ಬಿಗಿ ಐತೇನು ನೋಡವ್ವ. ಇವನ್ನ ನಂಬಾಂಗಿಲ್ಲ."

ಆಕೆ ಎಳೆದು ನೋಡಿ "ಬಿಗಿ ಐತ್ರಿ" ಎಂದಳು. ಆಮೇಲೆಯೇ ಅಪ್ಪ ಗಂಜಿಗೆ ಬಾಯಿ ತೆರೆದ.