ಪರವಾಗಿಲ್ಲಕ್ಕನ ಮೊಮ್ಮಗಳು

ಹಾಲೇ ಬರ್ತಿಲ್ಲ ಅಂತ ಅಳುತ್ತಾ ಬಂದವಳಿಗೂ ಅವಳು ಹೇಳುವುದು ಅದೇ ಮಾತು: "ಪರವಾಗಿಲ್ಲ." ಬರುವ ಹಾಲು ಸಾಲದೆ ಬಾಟಲಿಯನ್ನೂ ಜೊತೆಗಿಟ್ಟುಕೊಂಡವಳಿಗೂ "ಪರವಾಗಿಲ್ಲ." ಎದೆಹಾಲು ಕೊಡುವ ಮನಸ್ಸೇ ಇಲ್ಲ ಎಂದು ನೆಲ ನೋಡುತ್ತಾ ಒಪ್ಪಿಕೊಂಡವಳಿಗೆ, "ಪರವಾಗಿಲ್ಲ ಕಣಮ್ಮ, ಮೊದಲು ತಲೆ ಎತ್ತು." ಹೀಗೆ ಹೇಳಿ ಹೇಳಿ ಪರವಾಗಿಲ್ಲಕ್ಕ ಎಂಬ ಹೆಸರು ಅಂಟಿಕೊಂಡಿತು. ಹೆಸರಿಟ್ಟವನು ಒಬ್ಬ ಬಸ್ ಡ್ರೈವರ್. ಹೆಂಡತಿಯ ಹಿಂದೆ ಬಂದು, ಚಪ್ಪಲಿ ಕಾಯುವವನ ಹಾಗೆ ಬಾಗಿಲಲ್ಲೇ ನಿಂತಿದ್ದ. ಅಕ್ಕ ಅವನನ್ನು ಒಳಗೆಳೆದು ಕೂರಿಸಿ, ಹೆಗಲ ಮೇಲೆ ಕೂಸು ಹಾಕಿ, ಬೆನ್ನು ತಟ್ಟಿ ತೇಗು ಬರಿಸುವುದನ್ನು ಕಲಿಸಿದಳು. ಕೂಸು ಅವನ ಖಾಕಿ ಅಂಗಿಯ ಮೇಲೆಲ್ಲ ಕಕ್ಕಿತು. ಅವನು ಕಣ್ಣುಕಣ್ಣು ಬಿಟ್ಟರೆ ಅಕ್ಕ ಮತ್ತೆ ಅದೇ ರಾಗ ತೆಗೆದಳು. ಆವತ್ತಿನಿಂದ ಆ ಹೆಸರು ಅವನ ಬಸ್ಸು ಹತ್ತಿ ಊರೆಲ್ಲ ಸುತ್ತಿತು.

ಇದೆಲ್ಲ ನಡೆಯುವುದು ಗುರುವಾರ ಮಧ್ಯಾಹ್ನ, ಆರೋಗ್ಯ ಕೇಂದ್ರದ ಕೊನೆಯ ಕೋಣೆಯಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು, ಒಂದು ಚಾಪೆ, ಬಿಸಿನೀರಿನ ಫ್ಲಾಸ್ಕು, ಕಿಟಕಿಗೆ ಪರದೆಯ ಬದಲು ಹಳೆಯ ಬೆಡ್‌ಶೀಟು. ಪಕ್ಕದ್ದು ಚುಚ್ಚುಮದ್ದಿನ ಕೋಣೆ. ಗೋಡೆಯಾಚೆ ಒಂದು ಕೂಸು ಕಿರುಚಿದರೆ ಸಾಕು, ಈಚೆಯ ಕೂಸುಗಳೆಲ್ಲ ಒಕ್ಕೊರಲಿನಿಂದ ಬೆಂಬಲ ಸೂಚಿಸುತ್ತವೆ. ಆ ಗಲಾಟೆಯಲ್ಲೇ ಹೆಂಗಸರು ಮನೆಯಲ್ಲಿ ಹೇಳಲಾಗದ್ದನ್ನು ಹೇಳಿಕೊಳ್ಳುತ್ತಾರೆ.

ಅಕ್ಕ ಡಾಕ್ಟರಲ್ಲ, ನರ್ಸೂ ಅಲ್ಲ. ಹೊಟ್ಟೆಪಾಡಿಗೆ ಬಟ್ಟೆ ಇಸ್ತ್ರಿ ಮಾಡುವವಳು. ಮಗಳು ಹುಟ್ಟಿದಾಗ ಅವಳ ಹಾಲು ಬತ್ತಿತ್ತು. ಅತ್ತೆ, ಓರಗಿತ್ತಿ, ಪಕ್ಕದ ಮನೆಯವಳು, ಕೊನೆಗೆ ವಿಳಾಸ ಕೇಳಲು ಬಂದವಳು ಕೂಡ ಒಂದೊಂದು ಮಾತು ಚುಚ್ಚಿ ಹೋಗಿದ್ದರು. "ನೀನು ಸರಿಯಾಗಿ ತಿನ್ನಲ್ಲ, ಅದಕ್ಕೇ" ಎಂದು ಗಂಡ ತೀರ್ಪು ಕೊಟ್ಟು ಊಟದ ಡಬ್ಬಿ ಹಿಡಿದು ಕೆಲಸಕ್ಕೆ ನಡೆದಿದ್ದ. ಗಂಡ ತೀರಿಕೊಂಡರೂ ಆ ಉರಿ ಮಾತ್ರ ಆರಲಿಲ್ಲ. ಕೇಂದ್ರದ ನರ್ಸಮ್ಮ ಒಮ್ಮೆ ಕೋಟು ಇಸ್ತ್ರಿಗೆ ಕೊಡುತ್ತಾ, "ಹೊಸ ತಾಯಂದಿರ ಜೊತೆ ಕೂತು ಮಾತಾಡೋರು ಬೇಕು, ತರಬೇತಿ ನಾವೇ ಕೊಡ್ತೀವಿ" ಎಂದಾಗ, ಅಕ್ಕ ಹಿಂದುಮುಂದು ನೋಡದೆ ಹೂಂ ಎಂದಳು. ಕೂಸನ್ನು ಎದೆಗೆ ಹಿಡಿಯುವ ಬಗೆ, ಬಾಟಲಿ ಕುದಿಸುವ ಬಗೆ, ಎಷ್ಟು ನೀರಿಗೆ ಎಷ್ಟು ಪುಡಿ, ಎಲ್ಲವನ್ನೂ ಕಲಿತಳು. ಒಂದು ಮಾತನ್ನಂತೂ ಶಪಥದ ಹಾಗೆ ಹಿಡಿದಳು: ತನ್ನೆದುರು ಕೂತ ಯಾವ ತಾಯಿಗೂ ತಾನು ಅತ್ತೆಯಾಗಬಾರದು.

ಇಷ್ಟೆಲ್ಲ ತಿಳಿದವಳು ಸ್ವಂತ ಮಗಳ ವಿಷಯದಲ್ಲಿ ಜಾರಿದಳು ನೋಡಿ.

ಮಗಳಿಗೆ ಹೆರಿಗೆಯಾದಾಗ ಅಕ್ಕನ ಕಾಲು ನೆಲದ ಮೇಲಿರಲಿಲ್ಲ. ಮಗಳು-ಅಳಿಯನ ಮನೆ ಹಿಂದಿನ ಬೀದಿಯಲ್ಲೇ, ಮಹಡಿಯ ಮೇಲೆ. ಅಳಿಯ ಫ್ರಿಜ್ ರಿಪೇರಿ ಮಾಡುವವನು, ಮಾತು ಕಮ್ಮಿ. ದಿನಾ ಸಂಜೆ ಅಕ್ಕ ಅಲ್ಲಿಗೆ ಹೋಗಿ ಪಾತ್ರೆ ತೊಳೆದು, ಅಡುಗೆಮನೆ ಕಪಾಟು ತೆಗೆದು ಒರೆಸಿ, ಡಬ್ಬಗಳನ್ನು ಸಾಲಾಗಿಟ್ಟು ಬರುತ್ತಿದ್ದಳು. ಹಾಲಿನ ಮಾತು ಬಂದರೆ ನಕ್ಕುಬಿಡುತ್ತಿದ್ದಳು. "ನಿನಗೇನೇ? ನನ್ನ ಮಗಳು ನೀನು. ನಿನಗೂ ಪಾಠ ಹೇಳ್ಬೇಕಾ?" ಮಗಳನ್ನು ಒಂದು ಗುರುವಾರ ಕೋಣೆಗೂ ಕರೆದೊಯ್ದಳು. ಎಲ್ಲರ ನಡುವೆ ಕೂರಿಸಿ, ಹೆಮ್ಮೆ ತಡೆಯಲಾರದೆ, "ನನ್ನ ಮೊಮ್ಮಗಳಿಗೆ ಬರೀ ತಾಯಿ ಹಾಲು, ಬೇರೆ ಒಂದು ತೊಟ್ಟೂ ಮುಟ್ಟಿಸಿಲ್ಲ!" ಎಂದುಬಿಟ್ಟಳು. ಕೈಯಲ್ಲಿ ಬಾಟಲಿ ಹಿಡಿದಿದ್ದ ಒಂದಿಬ್ಬರು ಮುಖ ಕೆಳಗೆ ಹಾಕಿದರು. ಮಗಳೂ ಮುಖ ಕೆಳಗೆ ಹಾಕಿದಳು. ಅಕ್ಕ ಅದನ್ನು ನಾಚಿಕೆ ಅಂದುಕೊಂಡಳು.

ಮಗಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮಗುವಿನ ತೂಕ ನೋಡೋಣ ಬಾ ಎಂದರೆ, "ಡಾಕ್ಟರ್ ಹತ್ರ ನೋಡಿಸಿದ್ವಿ ಬಿಡಮ್ಮ" ಎನ್ನುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಅಕ್ಕ ತಾನೇ ಬಟ್ಟೆಯ ಜೋಳಿಗೆ ಕಟ್ಟಿದ ತೂಗುತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡು ಮಹಡಿ ಹತ್ತಿದಳು. "ಎಲ್ಲಿ ನನ್ನ ಮೂಟೆ? ಎತ್ತೋಕೆ ಆಗುತ್ತೋ ಇಲ್ವೋ!" ಎಂದು ತಮಾಷೆ ಮಾಡುತ್ತಲೇ ಒಳಗೆ ಬಂದಳು.

"ಬೇಡ ಅತ್ತೆ, ಈಗ ತಾನೇ ಮಲಗಿದಾಳೆ," ಎಂದ ಅಳಿಯ. ಎಂದೂ ಎದುರಾಡದ ಅಳಿಯ ಬೇಡ ಎಂದದ್ದು ಅಕ್ಕನಿಗೆ ವಿಚಿತ್ರವೆನಿಸಿತು. ಆದರೂ ಬಾಗಿಲ ಮೇಲಿನ ಕೊಕ್ಕೆಗೆ ತಕ್ಕಡಿ ಸಿಕ್ಕಿಸಿ, ಮಲಗಿದ್ದ ಕೂಸನ್ನು ಜೋಳಿಗೆಗಿಟ್ಟಳು. ಮಗಳು ಗೋಡೆಗೊರಗಿ ನಿಂತಿದ್ದಳು.

ಮುಳ್ಳು ನಿಂತ ಜಾಗ ನೋಡಿ ಅಕ್ಕನಿಗೆ ಮೊದಲು ಬಂದದ್ದು ನಗು. "ಹಾಳಾದ್ದು, ಕೆಟ್ಟುಹೋಗಿದೆ," ಎಂದಳು. ಕೂಸನ್ನು ತೆಗೆದು ಮತ್ತೆ ತೂಗಿದಳು. ಮುಳ್ಳು ಅಲ್ಲಿಗೇ ಬಂತು. ಅಡುಗೆಮನೆಯಿಂದ ಒಡೆಯದ ಒಂದು ಕಿಲೋ ಸಕ್ಕರೆ ಪ್ಯಾಕೆಟ್ ತಂದು ಜೋಳಿಗೆಗೆ ಹಾಕಿದಳು. ಮುಳ್ಳು ಸರಿಯಾಗಿ ಒಂದು ಕಿಲೋಗೇ ನಿಂತಿತು.

ತಕ್ಕಡಿ ಕೆಟ್ಟಿರಲಿಲ್ಲ. ಹುಟ್ಟಿದಾಗಿನ ತೂಕಕ್ಕಿಂತ ಈಗ ಹೆಚ್ಚಿದ್ದದ್ದು ನಾಮಕಾವಸ್ತೆ. ಕೂಸಿನ ತೊಡೆ ಮುಟ್ಟಿ ನೋಡಿದಳು, ತೊಗಲು ಜೋತಿತ್ತು. ಅಂಗಾಲು ಕೆರೆದಳು. ಕೂಸು ಅರ್ಧ ಕಣ್ಣು ತೆರೆದು, ಯಾವುದಕ್ಕೂ ಸಂಬಂಧವಿಲ್ಲದವರ ಹಾಗೆ ಮತ್ತೆ ಮುಚ್ಚಿಕೊಂಡಿತು. ಗುರುವಾರಗಳಲ್ಲಿ ಬೇರೆಯವರ ಕೂಸುಗಳಲ್ಲಿ ಇದನ್ನೇ ಹುಡುಕುವವಳು ಅವಳು.

"ಏನು ಕುಡೀತಿದೆ ಇದು? ಹೇಳ್ರೋ, ಏನು ಕುಡೀತಿದೆ?"

ಅಳಿಯ ಮಂಚದ ಕೆಳಗಿಂದ ತನ್ನ ಸಾಮಾನಿನ ಪೆಟ್ಟಿಗೆ ಎಳೆದ. ತಾಮ್ರದ ಕೊಳವೆ, ಇಕ್ಕಳ, ಸ್ಕ್ರೂಡ್ರೈವರ್ ಎಲ್ಲ ಪಕ್ಕಕ್ಕೆ ಸರಿಸಿ, ತಳದಿಂದ ಒಂದು ಸ್ಟೀಲ್ ಊಟದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಒಳಗೆ ಹಾಲಿನ ಪುಡಿ. ಬಾಟಲಿಯೂ ಅದರ ಪಕ್ಕದಲ್ಲೇ, ಒಂದು ಬನಿಯನ್ನಿನಲ್ಲಿ ಸುತ್ತಿಕೊಂಡು ಮಲಗಿತ್ತು. ಅಕ್ಕ ದಂಗಾಗಿ ನೋಡಿದಳು. ಕೂಸಿನ ಊಟವನ್ನು ಕಳ್ಳಮಾಲಿನ ಹಾಗೆ ಬಚ್ಚಿಡಬಹುದೆಂದು ಅವಳಿಗೆ ಕನಸಲ್ಲೂ ಹೊಳೆದಿರಲಿಲ್ಲ.

"ಹಾಲು ಯಾವಾಗ ನಿಂತಿತು?"

"ಸರಿಯಾಗಿ ಬರ್ಲೇ ಇಲ್ಲಮ್ಮ," ಎಂದಳು ಮಗಳು.

"ಪುಡಿ ಎಷ್ಟು ಹಾಕ್ತೀಯ?"

"ಬಾಟಲಿ ತುಂಬ ನೀರಿಗೆ ಒಂದು ಟೀ ಚಮಚ. ನೀನು ಯಾರಿಗೋ ಹೇಳಿದ್ದು, ಒಂದು ಚಮಚ ಅಂತಷ್ಟೇ ನೆನಪಿತ್ತು. ಬೆಳ್ಳಗೆ ಕಾಣ್ತಿತ್ತಲ್ಲ, ಸಾಕು ಅನ್ಕೊಂಡೆ. ಕುಡಿದು ಮಲಗ್ತಿದ್ಲು. ಅಳ್ತಾನೂ ಇರ್ಲಿಲ್ಲ."

"ಅಯ್ಯೋ, ಡಬ್ಬದ ಮೇಲೇ ಬರೆದಿರುತ್ತಲ್ಲೇ! ಅಳತೆ ಚಮಚನೂ ಅದರೊಳಗೇ ಇರುತ್ತಲ್ಲೇ!"

"ಡಬ್ಬ ಮನೆಗೆ ತರ್ತಿರ್ಲಿಲ್ಲ ಅತ್ತೆ," ಎಂದ ಅಳಿಯ. "ನೀವು ದಿನಾ ಕಪಾಟು ತೆಗೀತೀರಲ್ಲ. ಅಂಗಡಿ ಮುಂದೇನೇ ಪುಡಿನ ಈ ಡಬ್ಬಿಗೆ ಸುರ್ಕೊಂಡು, ಅದನ್ನ ಬಿಸಾಕಿ ಬರ್ತಿದ್ದೆ. ಚಮಚನೂ ಅದರ ಜೊತೆಗೇ ಹೋಯ್ತು."

ಊರಿಗೆಲ್ಲ ಪುಡಿಯ ಅಳತೆ ಹೇಳಿಕೊಟ್ಟ ಹೆಂಗಸು ದಿನಾ ಸಂಜೆ ಆ ಪೆಟ್ಟಿಗೆಯಿದ್ದ ಮಂಚದ ಮೇಲೆ ಕಾಲು ಚಾಚಿ ಕೂರುತ್ತಿದ್ದಳು. ಅವಳೊಬ್ಬಳನ್ನು ಕೇಳಿದ್ದರೆ ಸಾಕಿತ್ತು. ಅವಳೊಬ್ಬಳನ್ನೇ ಕೇಳುವಂತಿರಲಿಲ್ಲ.

ಆಟೋ ಹಿಡಿದು ಆಸ್ಪತ್ರೆಗೆ ಓಡಿದರು. ಮೈಗೆ ಬರೀ ನೀರು ಸೇರಿ ಸೇರಿ ರಕ್ತದಲ್ಲಿ ಉಪ್ಪಿನಂಶ ಇಳಿದಿದೆ, ಇನ್ನೂ ತಡ ಮಾಡಿದ್ದರೆ ಫಿಟ್ಸ್ ಬರುತ್ತಿತ್ತು ಎಂದರು ಡಾಕ್ಟರು. ಚಿಟಿಕೆಯಷ್ಟು ಕೈಗೆ ಸೂಜಿ ಹಾಕುವಾಗ ಅಕ್ಕ ಮುಖ ತಿರುಗಿಸಿಕೊಂಡಳು. ಡಾಕ್ಟರು ಕೈ ತೊಳೆಯುತ್ತಾ ಕೇಳಿದರು, "ಅಲ್ರೀ, ನಿಮ್ಮ ಮನೇಲಿ ತಿಳಿದೋರು ಯಾರೂ ಇಲ್ವಾ?"

ಮಗಳು ತಾಯಿಯನ್ನು ನೋಡಿದಳು. ಅಳಿಯ ಗೋಡೆ ನೋಡಿದ. ಡಾಕ್ಟರು ಕೈ ಒರೆಸಿಕೊಂಡು ಮುಂದಿನ ಮಂಚಕ್ಕೆ ಹೋದರು.

ಕೂಸು ಬದುಕಿತು. ಸರಿಯಾದ ಹಾಲು ಹೊಟ್ಟೆಗೆ ಬಿದ್ದ ಮೇಲೆ, ಮರುದಿನ ಮಧ್ಯಾಹ್ನ, ಬಾಟಲಿ ಖಾಲಿಯಾಯಿತೆಂದು ವಾರ್ಡು ಹಾರಿಹೋಗುವ ಹಾಗೆ ಕಿರುಚಿತು. ಪಕ್ಕದ ಮಂಚದವರು ಕಿವಿ ಮುಚ್ಚಿಕೊಂಡರೆ, ಇವರು ಮೂವರೂ ಸುಮ್ಮನೆ ಅತ್ತರು.

ಅಳಿಯ ಔಷಧಿ ತರಲು ಹೋದಾಗ ಅಕ್ಕ ಕೇಳಿದಳು, "ನಾನು ಒಂದು ದಿನವಾದ್ರೂ ನಿನ್ನ ಬೈದಿದ್ದೀನೇನೇ?"

"ಇಲ್ಲಮ್ಮ."

"ಮತ್ತೆ?"

"ಪಾಠ ಹೇಳೋದೇ ಬೇಡ ಅಂದ್ಬಿಟ್ಯಲ್ಲ. ಅಷ್ಟು ಜನರ ಮುಂದೆ ನನ್ನ ಪಾಸು ಮಾಡ್ಬಿಟ್ಟೆ. ಆಮೇಲೆ ಬಂದು ಫೇಲಾದೆ ಅಂತ ಹೇಗೆ ಹೇಳ್ಲಿ? ನಿನ್ನ ಮರ್ಯಾದೆ ಏನಾಗ್ಬೇಕು?"

ಇದನ್ನೆಲ್ಲ ಮಾಡಿದ್ದು ಅಕ್ಕನ ಮರ್ಯಾದೆಗಾಗಿ! ಇಸ್ತ್ರಿ ಮಾಡುವವಳಿಗೆ ಅಂಥದ್ದೊಂದು ಇದೆಯೆಂದು, ಅದಕ್ಕೆ ಒಂದು ಕೂಸು ಹಸಿದಿರಬೇಕೆಂದು ಯಾರಿಗೆ ಗೊತ್ತಿತ್ತು? ಅವಳು ಮಗಳ ಕೈ ಹಿಡಿದುಕೊಂಡಳು.

"ಗುರುವಾರ ಬಾರೇ. ಎಲ್ಲರ ಹಾಗೆ ಕೂತ್ಕೋ. ಇನ್ನೂ ಹಾಲು ಬರಿಸ್ಬೇಕು ಅನ್ಸಿದ್ರೆ ಅದಕ್ಕೂ ದಾರಿ ಇದೆ, ಬಾಟಲಿನೇ ಸಾಕು ಅಂದ್ರೆ ಅದೂ ಸರಿ. ಯಾರೂ ಏನೂ ಅನ್ನಲ್ಲ ಅಲ್ಲಿ."

ಮಗಳು ಕೈ ಬಿಡಿಸಿಕೊಳ್ಳಲಿಲ್ಲ. ಮೆತ್ತಗೆ ಹೇಳಿದಳು, "ಅಲ್ಲಿ ನೀನಿರ್ತೀಯಲ್ಲಮ್ಮ."

ತಕ್ಕಡಿಯ ಮುಳ್ಳಿಗೆ ಬೆಚ್ಚಿದ್ದಳು, ಡಾಕ್ಟರ ಮಾತಿಗೆ ಬೆಚ್ಚಿದ್ದಳು. ಈ ಮಾತಿಗೆ ಅಕ್ಕ ಗರಬಡಿದವಳಂತೆ ಕೂತುಬಿಟ್ಟಳು. ಅಳಿಯ ಔಷಧಿ ತಂದು ಚೀಲ ಕೈಗಿತ್ತದ್ದೂ ಅವಳಿಗೆ ಗೊತ್ತಾಗಲಿಲ್ಲ.

ಮನೆಗೆ ಬಂದ ಮೇಲೆ ನರ್ಸಮ್ಮನನ್ನು ಹುಡುಕಿಕೊಂಡು ಹೋದಳು. "ಈ ಗುರುವಾರ ನೀವೇ ನಡೆಸಿ."

"ನೀವಿಲ್ದೆ ಹೇಗಕ್ಕ? ಜನ ನಿಮ್ಮನ್ನೇ ಕೇಳ್ತಾರೆ."

"ನಾನಿದ್ರೆ ಒಬ್ಬಳು ಬರಲ್ಲ," ಎಂದಳು ಅಕ್ಕ.

ಗುರುವಾರ ಮಗಳು ಕೂಸನ್ನೆತ್ತಿಕೊಂಡು, ಅಳಿಯ ಬಾಟಲಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು. ಅಕ್ಕ ಹೊರಗೆ, ಚುಚ್ಚುಮದ್ದಿಗೆ ಬಂದವರು ಕೂರುವ ಬೆಂಚಿನ ಮೇಲೆ ಕೂತಳು. ಒಳಗಿನ ಮಾತು ಕೇಳಿಸುತ್ತಿತ್ತು, ತಿಳಿಯುತ್ತಿರಲಿಲ್ಲ. ನರ್ಸಮ್ಮ ಏನೋ ಕೇಳಿದರು. ಮಾತೇ ಆಡದ ಅಳಿಯ ಉದ್ದಕ್ಕೆ ಏನೋ ಹೇಳಿದ. ಯಾರೋ ಬಿಕ್ಕಿದರು. ಅದು ತನ್ನ ಮಗಳೇ ಎಂದು ಅಕ್ಕನ ಹೊಟ್ಟೆಗೆ ಗೊತ್ತಾಯಿತು. ಎದ್ದೇಬಿಟ್ಟಳು, ಬಾಗಿಲ ತನಕ ಹೋದಳು, ಚಿಲಕದ ಮೇಲೆ ಕೈಯಿಟ್ಟಳು. ಆಮೇಲೆ ಆ ಕೈಯನ್ನು ಇನ್ನೊಂದು ಕೈಯಿಂದ ತೆಗೆದು, ವಾಪಸ್ ಬಂದು ಕೂತಳು.

ಅಷ್ಟರಲ್ಲಿ ಹೊಸಬಳೊಬ್ಬಳು ಬಂದಳು. ಎದೆಗವಚಿದ ಹಸುಗೂಸು, ಹಿಂದೆ ಚೀಲ ಹೊತ್ತ ಗಂಡ. ಅತ್ತು ಅತ್ತು ಕಣ್ಣು ಊದಿದ್ದವು.

"ಹಾಲಿನ ವಿಷಯ ಮಾತಾಡೋದು ಇಲ್ಲೇನಾ?" ಎಂದು ಕೇಳಿ, ದನಿ ತಗ್ಗಿಸಿದಳು. "ಒಳಗೆ ಬೈಯಲ್ಲ ತಾನೇ?"

"ಇಲ್ಲಮ್ಮ, ಧೈರ್ಯವಾಗಿ ಹೋಗು. ಗಂಡನ್ನೂ ಕರ್ಕೊಂಡು ಹೋಗು," ಎಂದಳು ಅಕ್ಕ. "ಬೈಯೋಳನ್ನ ಹೊರಗೆ ಕೂರಿಸಿದ್ದಾರೆ."

ಆ ಹುಡುಗಿ ಗಾಬರಿಯಿಂದ ಆಚೀಚೆ ನೋಡಿದಳು. ಬೆಂಚಿನ ಮೇಲೆ ಈ ಹೆಂಗಸನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.